ಅನಾನಸ್ಸಿನ ಸುಳಿ

ಮಿಲಿಮೀಟರ್ ಮಾವನ ಕಸುಬು ಬೆಳೆದದ್ದನ್ನು ಕತ್ತರಿಸುವುದು. ಕತ್ತರಿಸಿದ್ದನ್ನು ಬೆಳೆಸುವ ಹುಚ್ಚು ಅವರಿಗೆ ಹತ್ತಿದ್ದು ಐವತ್ತು ದಾಟಿದ ಮೇಲೆ. ಅಷ್ಟು ಹೊತ್ತಿಗೆ ಅವರ ಸ್ವಂತ ತಲೆಯ ಮೇಲೆ ಕತ್ತರಿಸುವಂಥದ್ದು ಏನೂ ಉಳಿದಿರಲಿಲ್ಲ.

ಅಡ್ಡರಸ್ತೆಯ ಮೂಲೆಯಲ್ಲಿ ಅವರ ಕ್ಷೌರದಂಗಡಿ. ಎರಡು ಕುರ್ಚಿ. ಒಂದು ಸಲೀಸಾಗಿ ತಿರುಗುತ್ತದೆ, ಇನ್ನೊಂದು ತಿರುಗು ಎಂದರೆ ಗೊಣಗುತ್ತದೆ. ಎದುರು ಗೋಡೆಗೊಂದು, ಬೆನ್ನ ಹಿಂದಿನ ಗೋಡೆಗೊಂದು ಉದ್ದನೆಯ ಕನ್ನಡಿ. ಹೀಗಾಗಿ ಕುರ್ಚಿಯಲ್ಲಿ ಕೂತವರಿಗೆ ಒಂದರೊಳಗೊಂದು, ಅದರೊಳಗೆ ಮತ್ತೊಂದು ಎಂಬಂತೆ ಮಾವನ ಬೋಳುತಲೆ ಕಣ್ಣು ಹಾಯುವವರೆಗೂ ಸಾಲಾಗಿ ಕಾಣುತ್ತದೆ.

"ನೋಡ್ಕೊಳ್ಳಿ," ಎನ್ನುತ್ತಿದ್ದರು ಮಾವ, ಹೊಸ ಗಿರಾಕಿಯ ಕತ್ತಿಗೆ ಬಿಳಿ ಬಟ್ಟೆ ಕಟ್ಟುತ್ತ. "ಒಂದೇ ಸಲಕ್ಕೆ ಇಷ್ಟು ಹುಣ್ಣಿಮೆ ಬೇರೆಲ್ಲಿ ಸಿಗುತ್ತೆ?"

ಬೇರೆ ಅಂಗಡಿಗಳಲ್ಲಿ "ಸಣ್ಣಗೆ ಮಾಡ್ಲಾ, ಮೀಡಿಯಮ್ಮಾ?" ಎಂದು ಕೇಳಿದರೆ ಇವರು "ಎಷ್ಟು ಮಿಲಿಮೀಟರ್ ತೆಗೀಲಿ?" ಎಂದು ಕೇಳುತ್ತಿದ್ದರು. ಉತ್ತರ ಯಾರಿಗೂ ಗೊತ್ತಿರುತ್ತಿರಲಿಲ್ಲ. ಕೊನೆಗೆ ಅವರೇ ಒಂದು ಅಂಕಿ ಹೇಳಿ, ತಲೆಯಲ್ಲೇ ಲೆಕ್ಕ ಹಾಕಿ ಮುಗಿಸುತ್ತಿದ್ದರು. ಗಿರಾಕಿಯ ತಲೆಯಲ್ಲಿ. ಎಡಗೈಯವರಾದ್ದರಿಂದ ಅವರ ಕತ್ತರಿಯ ಏಟು ಎಲ್ಲರದಕ್ಕಿಂತ ವಿರುದ್ಧ ದಿಕ್ಕಿಗೆ ಒಂದು ಕೂದಲೆಳೆಯಷ್ಟು ಓರೆಯಾಗಿ ಬೀಳುತ್ತಿತ್ತು. ಪೇಟೆಯಲ್ಲಿ ಯಾರದೇ ಹಿಂದಲೆ ನೋಡಿ "ಇದು ಮಿಲಿಮೀಟರ್ ಕೈ" ಎಂದು ಹೇಳಿಬಿಡಬಹುದಿತ್ತು. ಹೀಗೆ ಅವರು ಮಿಲಿಮೀಟರ್ ಮಾವ ಆದರು, ಅವರ ಹೆಂಡತಿ ಏನೂ ಮಾಡದೆಯೇ ಊರಿಗೆಲ್ಲ ಅತ್ತೆ ಆದರು.

ತಮ್ಮನ್ನು ತಾವು ಗೇಲಿ ಮಾಡಿಕೊಳ್ಳುವುದರಲ್ಲಿ ಮಾವನನ್ನು ಮೀರಿಸುವವರಿರಲಿಲ್ಲ. ಯಾರಾದರೂ ತಮ್ಮನ್ನು ನೋಡಿ ನಗುವ ಮೊದಲೇ ತಾವೇ ನಕ್ಕುಬಿಟ್ಟರೆ ಎದುರಿನವರಿಗೆ ಕೆಲಸ ಉಳಿಯುವುದಿಲ್ಲ ಎಂಬುದು ಅವರು ಶಾಲೆಯಲ್ಲೇ ಕಲಿತ ಪಾಠ. ಅಲ್ಲಿ ಅವರು ಕಲಿತದ್ದೂ ಅಷ್ಟೇ. ಬೋಳುತಲೆ, ಮುಂದೆ ಬಂದ ಹೊಟ್ಟೆ, ಹಿಂದುಳಿದ ಗಣಿತ, ಕಲಿಯಲು ಹೋಗಿ ಅರ್ಧಕ್ಕೆ ಬಿಟ್ಟ ಕೊಳಲು ಎಲ್ಲವೂ ಗಿರಾಕಿಗಳ ಮನರಂಜನೆಗೆ ಮುಕ್ತವಾಗಿದ್ದವು. "ನಾನು ಕೊಳಲು ಊದಿದ್ರೆ ಪಕ್ಕದ ಮನೆಯವರು ಗ್ಯಾಸ್ ಲೀಕಾಗ್ತಿದೆ ಅಂತ ಕಿಟಕಿ ತೆಗೀತಿದ್ರು" ಎಂದು ಅವರು ಹೇಳಿದರೆ ಅಂಗಡಿಯಿಡೀ ನಗುತ್ತಿತ್ತು.

ಒಂದು ವಿಷಯ ಮಾತ್ರ ಈ ಗೇಲಿಯ ಪಟ್ಟಿಯಿಂದ ಹೊರಗಿತ್ತು. ಅದು ಕಣ್ಣು.

ಅದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದ ಬಳಿ ಹೊಸ ಸಲೂನು ತೆರೆದಾಗ, ಅಲ್ಲಿ ಕತ್ತರಿ ಹಿಡಿದವನು ಕನ್ನಡಕ ಹಾಕುತ್ತಾನೆ ಎಂಬ ಸುದ್ದಿ ಬಂದಿತ್ತು. ಮಾವನ ಅಂಗಡಿ ತುಂಬಿತ್ತು. ಮಾವನಿಗೆ ಸ್ಫೂರ್ತಿ ಉಕ್ಕಿತು.

"ಕನ್ನಡಕ ಹಾಕ್ಕೊಂಡು ಕ್ಷೌರ ಮಾಡೋದಾ? ಛತ್ರಿ ಹಿಡ್ಕೊಂಡು ಸ್ನಾನ ಮಾಡಿದ ಹಾಗಾಯ್ತು! ಕೇಳಿಸ್ಕೊಳ್ಳಿ ಎಲ್ರೂ. ನಾನು ಕನ್ನಡಕ ಹಾಕೋ ದಿನ ಕತ್ತರಿ ಕೆಳಗಿಡ್ತೀನಿ."

ಕೇಳಿಸಿಕೊಂಡವರಲ್ಲಿ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವರೂ ಇದ್ದರು. ಟಿಕ್‌ಟಿಕ್ ಎಂದು ಅವರನ್ನು ಕರೆಯುವುದು. ಒಂದು ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಚಕ್ರಗಳ ಹಲ್ಲು ನೋಡುವ ಮನುಷ್ಯ, ಕೇಳಿದ್ದನ್ನು ಮರೆಯುವ ಜಾತಿಯಲ್ಲ.

ಮಾವನ ಮಾತು ಗಟ್ಟಿಯಾಗಿ ನಿಂತಿತು. ಕಣ್ಣು ನಿಲ್ಲಲಿಲ್ಲ. ಮೊದಲು ಪತ್ರಿಕೆಯ ಅಕ್ಷರಗಳು ಸಣ್ಣವಾದವು. ಮುದ್ರಣದವರು ಶಾಯಿ ಉಳಿಸುತ್ತಿದ್ದಾರೆ ಎಂದುಕೊಂಡರು. ಆಮೇಲೆ ಪತ್ರಿಕೆಯನ್ನು ದೂರ ಹಿಡಿದರು, ಇನ್ನೂ ದೂರ ಹಿಡಿದರು; ಕೊನೆಗೆ ಕಣ್ಣು ಸರಿಯಾಗಿಯೇ ಇದೆ, ಕೈ ಉದ್ದ ಸಾಲದು ಎಂಬ ತೀರ್ಮಾನಕ್ಕೆ ಬಂದರು. ಅಂಗಡಿಯಲ್ಲಿ ಅಭ್ಯಾಸದ ಬಲದ ಮೇಲೆ ಬೆರಳುಗಳೇ ಕೆಲಸ ಮಾಡುತ್ತಿದ್ದವು. ಆದರೆ ಗಾಯಕ್ಕೆ ಉಜ್ಜುವ ಪಟಿಕದ ತುಂಡು ಮೊದಲೆಲ್ಲ ವರ್ಷಗಟ್ಟಲೆ ಬಾಳುತ್ತಿದ್ದದ್ದು ಈಗ ಸಾಬೂನಿನಂತೆ ಸವೆಯುತ್ತಿತ್ತು. ಪಟಿಕವೂ ಈಗ ಮೊದಲಿನ ಗುಣಮಟ್ಟದ್ದಲ್ಲ ಎಂದು ಮಾವ ಅದಕ್ಕೂ ಒಂದು ದೋಷ ಹೊರಿಸಿದ್ದರು.

ಇಂಥ ದಿನಗಳಲ್ಲಿ ಒಂದು ಸಂಜೆ ಎದುರಿನ ಜ್ಯೂಸ್ ಅಂಗಡಿಯ ಮುಂದೆ ಕಸದ ಬುಟ್ಟಿ ಅವರ ಕಣ್ಣಿಗೆ ಬಿತ್ತು. ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತಲ್ಲ. ಬುಟ್ಟಿಯ ತುಂಬ ಅನಾನಸ್ಸಿನ ಜುಟ್ಟುಗಳು. ದಟ್ಟವಾಗಿ, ನೆಟ್ಟಗೆ, ಒಂದೊಂದು ಎಲೆಯೂ ಎಣ್ಣೆ ಹಚ್ಚಿ ಬಾಚಿದಂತೆ ನಿಂತಿದ್ದವು. ಜೀವಮಾನವಿಡೀ ಜನರ ಜುಟ್ಟು ಹಿಡಿದು ಬದುಕಿದವರು ರಸ್ತೆ ದಾಟಿ ಬುಟ್ಟಿಯ ಮುಂದೆ ನಿಂತರು.

"ಇಷ್ಟು ಒಳ್ಳೇ ಕೂದ್ಲು ಇಟ್ಕೊಂಡು ಬಿಸಾಕ್ತಾ ಇದೀಯಲ್ಲಮ್ಮ," ಎಂದರು ಅಂಗಡಿಯ ಒಡತಿಗೆ.

ಆಕೆಯನ್ನು ಎಲ್ಲರೂ ಜ್ಯೂಸಕ್ಕ ಎನ್ನುತ್ತಿದ್ದರು. ಆಕೆ ಎಲ್ಲರನ್ನೂ ಅವರವರ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದಳು.

"ಬೇಕಾದ್ರೆ ತಗೊಂಡ್ಹೋಗಿ ಮಾವ, ವಿಗ್ ಮಾಡಿಸ್ಕೊಳ್ಳಿ," ಎಂದಳು ಜ್ಯೂಸಕ್ಕ. ಮತ್ತೆ ಕನಿಕರಪಟ್ಟು, "ಮಣ್ಣಿಗೆ ಇಟ್ರೆ ಗಿಡ ಆಗುತ್ತಂತೆ. ಹಣ್ಣೂ ಬಿಡುತ್ತಂತೆ. ನಾನಂತೂ ಬಿಟ್ಟಿದ್ದು ನೋಡಿಲ್ಲ. ಮೊದ್ಲು ತಲೆಕೆಳಗೆ ಇಡ್ಬೇಕಂತೆ ನೋಡಿ," ಎಂದಳು.

ಮಾವ ಹಾಗೆಯೇ ಮಾಡಿದರು. ಬಾಲ್ಕನಿಯ ಕುಂಡದ ಮಣ್ಣಿನಲ್ಲಿ ಎಲೆಗಳನ್ನು ಒಳಗೆ ಹೂತು, ಕತ್ತರಿಸಿದ ಬುಡವನ್ನು ಆಕಾಶಕ್ಕೆ ಮಾಡಿ ನೆಟ್ಟು, ದಿನಾ ನೀರು ಹಾಕಿದರು. ಅದು ಕೊಳೆತು ನಾರತೊಡಗಿದಾಗ ಅತ್ತೆ ಮೂಗು ಮುಚ್ಚಿಕೊಂಡು ಬಂದು ನೋಡಿದರು.

"ಇದೇನ್ರೀ, ಗಿಡ ಶೀರ್ಷಾಸನ ಮಾಡ್ತಿದೆ?"

"ಜ್ಯೂಸಕ್ಕ ತಲೆಕೆಳಗೆ ಇಡಿ ಅಂದ್ಲು."

"ಒಣಗ್ಸೋದಕ್ಕೆ ಹೇಳಿರ್ತಾಳೆ! ಕತ್ತರಿಸಿದ ಗಾಯ ಒಣಗೋ ತನಕ ತಲೆಕೆಳಗೆ ಇಟ್ಟು, ಆಮೇಲೆ ನೆಟ್ಟಗೆ ನೆಡೋದು. ಯಾರಾದ್ರೂ ಕೂದ್ಲನ್ನ ಮಣ್ಣೊಳಗೆ ನೆಡ್ತಾರಾ?"

"ನನ್ನ ಕೂದ್ಲು ಎಲ್ಲಿಗೆ ಹೋಯ್ತು ಅಂತ ನಂಗೇ ಗೊತ್ತಿಲ್ಲ," ಎಂದರು ಮಾವ. "ಬಹುಶಃ ಅದೂ ಒಳಗಡೆಗೇ ಬೆಳೀತಿರ್ಬೇಕು. ಅದಕ್ಕೇ ಮಿದುಳಿಗೆ ಜಾಗ ಇಲ್ಲ."

ಅತ್ತೆ ನಕ್ಕರು. ಮಾವ ಬಚಾವಾದರು. ಅವರ ಸಂಸಾರ ಇಷ್ಟು ವರ್ಷ ನಡೆದದ್ದು ಹೀಗೆಯೇ.

ಎರಡನೆಯ ಜುಟ್ಟಿಗೆ ಹಣ್ಣಿನ ತಿರುಳು ಅಂಟಿಕೊಂಡಿತ್ತು, ಅದನ್ನು ಇರುವೆಗಳು ಸಕುಟುಂಬವಾಗಿ ಬಂದು ಮುಗಿಸಿದವು. ಮೂರನೆಯದರ ಹೊತ್ತಿಗೆ ಮಾವನಿಗೆ ವಿದ್ಯೆ ಕೈ ಹತ್ತಿತು. ಹಣ್ಣಿನಿಂದ ಜುಟ್ಟನ್ನು ಕೊಯ್ಯದೆ ತಿರುಚಿ ಕಿತ್ತರು. ಬುಡದ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಕತ್ತಿನ ಹಿಂಭಾಗ ಬೋಳಿಸಿದಷ್ಟು ನಾಜೂಕಾಗಿ ಸ್ವಚ್ಛ ಮಾಡಿದರು. ಒಳಗೆ ಕಂದು ಚುಕ್ಕೆಗಳ ಸಾಲು ಕಂಡಿತು. ಬೇರು ಹೊರಡುವುದು ಅಲ್ಲಿಂದಲೇ. ಗಾಯ ಒಣಗಿಸಿ, ಗಾಜಿನ ಲೋಟದ ನೀರಿನಲ್ಲಿ ಕೂರಿಸಿ, ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಕೆಲವು ವಾರಕ್ಕೆ ನೀರಿನಲ್ಲಿ ಬಿಳಿಯ ಎಳೆಗಳು ತೇಲಿದವು.

"ಗಡ್ಡ ಬಂತು ಕಣೇ!" ಎಂದು ಮಾವ ಕೂಗಿಕೊಂಡರು. "ಕೆಳಗೆ ಗಡ್ಡ, ಮೇಲೆ ಜುಟ್ಟು. ಇನ್ನೇನು, ಅಂಗಡಿಗೆ ಬಂದು ಕೂತ್ಕೊಳ್ಳೋದೊಂದು ಬಾಕಿ."

ಕುಂಡಕ್ಕೆ ಬಂದ ಮೇಲೆ ಜುಟ್ಟು ಗಿಡವಾಯಿತು. ಒಂದು ವರ್ಷ ಕಳೆಯಿತು, ಇನ್ನೊಂದು ಬಂತು. ಎಲೆಗಳು ಉದ್ದುದ್ದ ಬೆಳೆದು ಬಾಲ್ಕನಿಯ ಅರ್ಧವನ್ನು ಆಕ್ರಮಿಸಿದವು. ಬಟ್ಟೆ ಒಣಗಿಸಲು ಹೋದ ಅತ್ತೆಯ ಸೀರೆಯ ಸೆರಗನ್ನು ಹಿಡಿದು ಎಳೆದವು. "ನಿಮ್ಮ ಗಿಡಕ್ಕೆ ಮರ್ಯಾದೆ ಕಲ್ಸಿ," ಎಂದರು ಅತ್ತೆ. ಮಾವ ಅಂಗಡಿಯಲ್ಲಿ ಘೋಷಿಸಿಬಿಟ್ಟರು: ಮೊದಲ ಹಣ್ಣನ್ನು ಈ ಕುರ್ಚಿಯ ಮೇಲೆ ಕೂರಿಸಿ, ಬಿಳಿ ಬಟ್ಟೆ ಹೊದಿಸಿ, ಎಲ್ಲರ ಮುಂದೆ ಕತ್ತರಿಸುತ್ತೇನೆ, ಎಲ್ಲರಿಗೂ ಒಂದೊಂದು ಹೋಳು.

"ಎಷ್ಟು ಮಿಲಿಮೀಟರ್ ದಪ್ಪ?" ಎಂದು ಕೇಳಿದರು ಟಿಕ್‌ಟಿಕ್.

ವಾರಕ್ಕೊಮ್ಮೆ ಅಂಗಡಿ ಮುಚ್ಚುವ ದಿನ ಮಾವ ಬಾಲ್ಕನಿಯಲ್ಲಿ ಕುಂಡದ ಮುಂದೆ ಮೊಣಕಾಲೂರಿ, ಹಳೆಯ ಕತ್ತರಿಯಿಂದ ಎಲೆಗಳ ಒಣಗಿದ ಕಂದು ತುದಿಗಳನ್ನು ನೇರ್ಪುಮಾಡುತ್ತಿದ್ದರು. ಗಿಡಕ್ಕೆ ಅದರಿಂದ ಲಾಭವೇನೂ ಇರಲಿಲ್ಲ. ಕೈಗೆ ಇತ್ತು. ರಜೆಯ ದಿನವೂ ಅದಕ್ಕೊಂದು ತಲೆ ಬೇಕಿತ್ತು.

ಬಾಗಿಲ ಪಕ್ಕದಲ್ಲಿ ಅತ್ತೆಯ ಹೊಲಿಗೆ ಯಂತ್ರ. ಅತ್ತೆ ನಲವತ್ತಕ್ಕೇ ಕನ್ನಡಕ ಹಾಕಿ ಅದನ್ನು ಆಭರಣದಂತೆ ಧರಿಸಿದವರು. ಅಂಥ ಒಂದು ರಜೆಯ ದಿನ ಅವರು ಕನ್ನಡಕ ಹಣೆಗೇರಿಸಿಕೊಂಡು, ಒಂದು ಸೂಜಿ, ಒಂದು ದಾರ ಮಾವನ ಕಡೆ ಚಾಚಿದರು.

"ರೀ, ಸ್ವಲ್ಪ ಪೋಣ್ಸಿ ಕೊಡಿ. ನನ್ನ ಕೈ ನಡುಗ್ತಿದೆ."

ಕೈ ನಡುಗುತ್ತಿರಲಿಲ್ಲ. ಮಾವನಿಗೂ ಗೊತ್ತಿತ್ತು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದರು. ಸೂಜಿಯಿತ್ತು, ಅದರ ಕಣ್ಣಿರಲಿಲ್ಲ. ಒಂದು ಸಲ ಚುಚ್ಚಿದರು, ದಾರ ಗಾಳಿಯಲ್ಲಿ ಹೋಯಿತು. ಇನ್ನೊಂದು ಸಲ ಚುಚ್ಚಿದರು, ಹೆಬ್ಬೆರಳಿಗೆ ಹೋಯಿತು. ದಾರಕ್ಕೆ ಉಗುಳು ಹಚ್ಚಿ ಹಚ್ಚಿ ಅದು ಒದ್ದೆಯಾಗಿ ಜೋತುಬಿತ್ತು.

"ಈ ಸೂಜಿಗೆ ತೂತೇ ಇಲ್ಲ ಕಣೇ. ಕಂಪನಿಯವರು ಮರೆತಿದಾರೆ."

"ಹೌದಾ? ಕೊಡಿ ಇಲ್ಲಿ." ಅತ್ತೆ ಕನ್ನಡಕ ಮೂಗಿಗಿಳಿಸಿ ಒಂದೇ ಏಟಿಗೆ ಪೋಣಿಸಿದರು. "ಈಗ ತಾನೇ ಕಳ್ಸಿಕೊಟ್ರು ಅನ್ಸುತ್ತೆ ತೂತನ್ನ. ರೀ, ಕಣ್ಣು ತೋರ್ಸೋಣ. ಇದೇ ಬೀದೀಲಿ ಕನ್ನಡಕದಂಗಡಿ ಇದೆ."

"ಕಣ್ಣಿಗೇನಾಗಿದೆ? ದೂರದಿಂದ ಬರೋ ಬಸ್ಸಿನ ನಂಬರ್ ಓದ್ತೀನಿ ನಾನು."

"ನೀವು ಬಸ್ಸಿಗೆ ಕ್ಷೌರ ಮಾಡ್ತೀರಾ?"

ಮಾವ ಎದ್ದು ನೀರು ಕುಡಿಯಲು ಹೋದರು.

ಗಿಡ ಬೆಳೆದದ್ದು ಬೆಳೆದದ್ದೇ, ಹೂವಿನ ಸುದ್ದಿಯಿಲ್ಲ. ಜ್ಯೂಸಕ್ಕನನ್ನು ಕೇಳಿದರೆ ಆಕೆ ಅಳಿಸಿಹೋದ ನೆನಪಿನಿಂದ ಇನ್ನೊಂದು ಉಪಾಯ ತೆಗೆದಳು: ಚೆನ್ನಾಗಿ ಮಾಗಿದ ಸೇಬನ್ನು ಗಿಡದ ಬುಡದಲ್ಲಿಟ್ಟು, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ಕೆಲವು ದಿನ ಬಿಟ್ಟರೆ, ಸೇಬಿನಿಂದ ಬರುವ ಗಾಳಿಗೆ ಅನಾನಸ್ಸಿಗೆ ಹೂ ಬಿಡುವ ಮನಸ್ಸಾಗುತ್ತದಂತೆ. ಮಾವ ಅದನ್ನೂ ಮಾಡಿದರು.

"ಅನಾನಸ್ಸಿಗೆ ಸೇಬು ತಿನ್ನಿಸ್ತಿದೀರಾ?" ಎಂದರು ಅತ್ತೆ. "ನನ್ನನ್ನ ಬಾಣಂತನದಲ್ಲೂ ಇಷ್ಟು ನೋಡ್ಕೊಂಡಿರ್ಲಿಲ್ಲ."

"ಹಾಗಲ್ಲ ಕಣೇ, ಇದು ಪ್ರೇಮ ಪ್ರಕರಣ. ಚೀಲದೊಳಗೆ ಇಬ್ರನ್ನೇ ಬಿಟ್ಟಿದೀನಿ."

ಚೀಲ ತೆಗೆದ ಮೇಲೆ ಇನ್ನೆಷ್ಟು ದಿನ ಕಾಯಬೇಕೆಂದು ಕೇಳಲು ಮತ್ತೆ ಜ್ಯೂಸಕ್ಕನ ಬಳಿ ಹೋದರು. ಆಕೆಯ ಅಂಗಡಿಯಲ್ಲಿ ಜನ. ಒಂದು ಕೈಯಲ್ಲಿ ಹಣ್ಣು, ಇನ್ನೊಂದು ಕೈ ಮಿಕ್ಸಿಯ ಮೇಲೆ.

"ಇನ್ನು ಸುಳಿ ಕಡೆ ಕಣ್ಣಿಟ್ಟಿರಿ ಮಾವ," ಎಂದಳು ಅವಸರದಲ್ಲಿ. "ಸುಳೀಲಿ ಏನಾದ್ರೂ ಎದ್ದು ನಿಂತ್ರೆ ಸುಮ್ನೆ ಬಿಡ್ಬೇಡಿ, ಮೊದ್ಲು—"

ಅಷ್ಟರಲ್ಲಿ ಮಿಕ್ಸಿ ಗರ್ರ್ ಎಂದಿತು. ಮೊದಲು ಏನು ಎಂಬುದು ಕಿತ್ತಳೆಯ ಜೊತೆ ಅರೆದುಹೋಯಿತು. ಮಾವ ಮತ್ತೆ ಕೇಳುವ ಗೋಜಿಗೆ ಹೋಗಲಿಲ್ಲ. ಸುಳಿಯ ವಿಚಾರವನ್ನು ಅವರಿಗೆ ಯಾರು ಹೇಳಿಕೊಡಬೇಕು?

ಇಲ್ಲಿ ಒಂದು ಮಾತು ಹೇಳಬೇಕು. ಗಿಡ ಬೆಳೆಸುವವರಿಗೆ ಸುಳಿಯೆಂದರೆ ಎಲೆಗಳ ನಡುವಿನ ಎಳೆಯ ಜೀವ, ಮುಂದಿನದೆಲ್ಲ ಹುಟ್ಟುವ ಜಾಗ. ಕ್ಷೌರದಂಗಡಿಯಲ್ಲಿ ಸುಳಿಯೆಂದರೆ ನಡುನೆತ್ತಿಯ ಹಿಂದೆ ಕೂದಲು ಸುತ್ತಿಕೊಂಡು ಎದ್ದು ನಿಲ್ಲುವ ಜಾಗ. ಎಣ್ಣೆಗೂ ಬಗ್ಗದು, ಬಾಚಣಿಗೆಗೂ ಬಗ್ಗದು. "ಸುಳಿ ಎದ್ದಿದೆ, ಸ್ವಲ್ಪ ನೋಡಿ" ಎಂದು ಗಿರಾಕಿ ಹೇಳಿದರೆ ಅದಕ್ಕೆ ಇಡೀ ಕಸುಬಿನಲ್ಲಿ ಒಂದೇ ಅರ್ಥ. ಸುಳಿಯನ್ನು ಸುಮ್ಮನೆ ಬಿಡಬಾರದು. ಮಾವ ಮೂವತ್ತು ವರ್ಷ ಒಂದು ಸುಳಿಯನ್ನೂ ಸುಮ್ಮನೆ ಬಿಟ್ಟವರಲ್ಲ.

ಕೆಲವು ವಾರಗಳ ನಂತರ, ಒಂದು ರಜೆಯ ಬೆಳಗ್ಗೆ, ಮಾವ ಕುಂಡದ ಮುಂದೆ ಕೂತು ಎಲೆಗಳ ತುದಿ ಸವರುತ್ತಿದ್ದರು. ಗುನುಗುತ್ತಿದ್ದರು ಕೂಡ. ಸುತ್ತಿನದು ಮುಗಿದ ಮೇಲೆ, ಗಿರಾಕಿಯ ತಲೆಯನ್ನು ಬಗ್ಗಿಸಿ ನೋಡುವಂತೆ ಗಿಡದ ಮೇಲೆ ಬಾಗಿ ನಡುವಿಗೆ ಕಣ್ಣು ಹಾಯಿಸಿದರು. ಅಲ್ಲಿ ಮಸುಕು ಮಸುಕಾಗಿ ಏನೋ ಎದ್ದಿತ್ತು. ಕೆಂಪೋ ಕಂದೋ. ಒಣಗಿದ ಎಲೆಯ ತುದಿ. ಮತ್ತೇನು?

ಎದ್ದು ನಿಂತಿದೆ. ಸುಮ್ಮನೆ ಬಿಡಬೇಡಿ ಎಂದಿದ್ದಾಳೆ.

ಎಡಗೈ ತನ್ನ ಕೆಲಸ ಬಲ್ಲದು. ಕತ್ತರಿಯ ಮೂತಿ ಎಲೆಗಳ ನಡುವೆ ಇಳಿಯಿತು. ಕಚಕ್.

ಶಬ್ದ ಸರಿಯಿರಲಿಲ್ಲ. ಒಣಗಿದ್ದು ಕತ್ತರಿಸಿದರೆ ಗರಗರ ಎನ್ನುತ್ತದೆ. ಇದು ಸೌತೆಕಾಯಿಯ ಹಾಗೆ ಹಸಿಯಾಗಿ ಕೇಳಿಸಿತು. ಮಾವ ಬಿದ್ದದ್ದನ್ನು ಬೆರಳಿನಿಂದ ಎತ್ತಿ ಅಂಗೈಯಲ್ಲಿಟ್ಟು ಕಣ್ಣಿನ ಹತ್ತಿರ ತಂದರು. ಕೆಂಪು ಮೋಡ. ಕೈಯನ್ನು ನಿಧಾನವಾಗಿ ದೂರ ಒಯ್ದರು, ಇನ್ನೂ ದೂರ, ತೋಳು ಪೂರ್ತಿ ಚಾಚುವವರೆಗೆ. ಆಗ ಅದು ಕಂಡಿತು.

ಹೆಬ್ಬೆರಳಿನ ತುದಿಯಷ್ಟು ದೊಡ್ಡ ಅನಾನಸ್. ಕೆಂಪಗೆ, ಕೋನಾಕಾರದಲ್ಲಿ, ಮೈತುಂಬ ಸಣ್ಣ ಸಣ್ಣ ಕಣ್ಣುಗಳು. ನೆತ್ತಿಯ ಮೇಲೆ ಆಗಷ್ಟೇ ಮೂಡಿದ ಚೂರೇ ಚೂರು ಜುಟ್ಟು. ಅಷ್ಟೂ ಕಣ್ಣು ತೆರೆದು ಅದು ಮಾವನನ್ನು ನೋಡುತ್ತಿತ್ತು. ಎರಡೇ ಕಣ್ಣಿದ್ದ ಮಾವ, ಅವೂ ಕೈಕೊಟ್ಟು, ಅದನ್ನು ನೋಡುತ್ತಿದ್ದರು.

ಅತ್ತೆ ಬಾಗಿಲಿಗೆ ಬರುವ ಹೊತ್ತಿಗೆ ಮಾವ ಕತ್ತರಿಯನ್ನು ಕುಂಡದ ಹಿಂದೆ ತಳ್ಳಿ ಎದ್ದು ನಿಂತಿದ್ದರು.

"ಕಾಗೆ ಕಣೇ! ಹಾಳು ಕಾಗೆ. ಹೂ ಬಿಟ್ಟಿತ್ತು, ಬಂದು ಕುಕ್ಕಿ ಹಾಕ್ಬಿಟ್ಟಿದೆ."

ಅತ್ತೆ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ಸುಳಿಯೊಳಗೆ ನೋಡಿದರು. ಮಾವನ ಅಂಗೈಯಲ್ಲಿದ್ದದ್ದನ್ನು ಎತ್ತಿ, ತಿರುಗಿಸಿ, ಕತ್ತರಿಸಿದ ಬದಿ ನೋಡಿದರು.

"ಕಾಗೆ ಎಡಗೈದು ಅನ್ಸುತ್ತೆ," ಎಂದರು.

"ಹಾಂ?"

"ನೋಡಿ ಇಲ್ಲಿ. ಇಷ್ಟು ನುಣ್ಣಗೆ ಕತ್ತರಿಸಿ, ಕೊನೇಲಿ ಈ ಕಡೆಗೆ ಓರೆ ಮಾಡಿದೆ. ಕಾಗೆ ಯಾವಾಗಿಂದ ನಿಮ್ಮ ಹತ್ರ ಕೆಲ್ಸ ಕಲೀತಿದೆ?"

ಇನ್ನೂ ಒಂದು ದಾರಿಯಿತ್ತು ಮಾವನಿಗೆ, ಬಹಳ ಚಂದದ ದಾರಿ. ಜ್ಯೂಸಕ್ಕನ ಮಾತು, ಮಿಕ್ಸಿ, ಎರಡು ಸುಳಿ. ಅದನ್ನು ಅಂಗಡಿಯಲ್ಲಿ ಹೇಳಿದರೆ ಮುಂದಿನ ಹತ್ತು ವರ್ಷ ಜನ ಬಿದ್ದುಬಿದ್ದು ನಗುತ್ತಾರೆ. 'ಸುಳಿ ನೋಡ್ಕೊಳ್ಳಿ ಅಂದ್ಲು, ನಾನು ನೋಡ್ಕೊಂಡೆ!' ತಮ್ಮ ಪೆದ್ದುತನದ ಕಥೆಗಳ ಸಾಲಿನಲ್ಲಿ ಕೊಳಲನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಹೋಗುವ ಸರಕು. ಎಲ್ಲರೂ ನಗುತ್ತಾರೆ, ಯಾರೂ ಕಣ್ಣಿನ ಬಗ್ಗೆ ಕೇಳುವುದಿಲ್ಲ.

ಶುರುವನ್ನೂ ಮಾಡಿದರು. "ಅದೇನಾಯ್ತು ಗೊತ್ತಾ, ಜ್ಯೂಸಕ್ಕ ಸುಳಿ ಅಂದ್ಲು. ನಮ್ಮ ಕಸುಬಲ್ಲಿ ಸುಳಿ ಅಂದ್ರೆ..."

ಅತ್ತೆ ಪೂರ್ತಿ ಕೇಳಿದರು. ಮಾತು ಚೆನ್ನಾಗಿಯೇ ಇತ್ತು. ತುಟಿಯ ಅಂಚಿನಲ್ಲಿ ನಗುವೂ ಬಂತು. ಆಮೇಲೆ ಕೇಳಿದರು: "ಅದೆಲ್ಲ ಸರಿ. ಸುಳಿ ಕತ್ತರಿಸ್ಬೇಕು ಅಂತ್ಲೇ ಅಂದ್ಕೊಂಡ್ರಿ. ಕತ್ತರಿಸೋವಾಗ ಅದು ಕೆಂಪಗಿರೋದು ಕಾಣ್ಲಿಲ್ವಾ?"

ಕುಂಡದ ಹಿಂದೆ ತಳ್ಳಿದ್ದ ಕತ್ತರಿಯನ್ನು ಮಾವ ಈಚೆ ತೆಗೆದರು.

ಅವರ ತಲೆಗೆ ಆಗ ಬಂದದ್ದು ಗಿಡವಲ್ಲ, ಮರುದಿನ ಬೆಳಗ್ಗೆ ಮೊದಲ ಗಿರಾಕಿಯಾಗಿ ಬರಲಿದ್ದ ಟಿಕ್‌ಟಿಕ್. ವಾರಕ್ಕೊಮ್ಮೆ ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಗಂಟಲನ್ನು ಪೂರ್ತಿ ಇವರ ಕೈಗೊಪ್ಪಿಸಿ ಮಲಗಿಬಿಡುವ ಮನುಷ್ಯ. ಕಳೆದ ಸಲ ಅವರ ಕಿವಿಯ ಕೆಳಗೆ ಪಟಿಕ ಒತ್ತಿದ್ದು ನೆನಪಾಯಿತು. ಅದರ ಹಿಂದಿನ ಸಲ ಗದ್ದದ ಕೆಳಗೆ. ಅನಾನಸ್ಸಿಗೆ ರಕ್ತ ಬರುವುದಿಲ್ಲ, ಅಷ್ಟೇ.

"ಕಾಣ್ಲಿಲ್ಲ," ಎಂದರು ಮಾವ. "ಕಾಣ್ತಾ ಇಲ್ಲ ಕಣೇ. ಹತ್ತಿರದ್ದು ಏನೂ ಕಾಣ್ತಾ ಇಲ್ಲ. ಬಹಳ ದಿನದಿಂದ. ಕನ್ನಡಕ ಹಾಕಿದ್ರೆ ಕತ್ತರಿ ಕೆಳಗಿಡ್ತೀನಿ ಅಂತ ಎಲ್ರ ಮುಂದೆ ಬಾಯಿ ಬಡ್ಕೊಂಡ್ಬಿಟ್ಟಿದೀನಿ. ಕತ್ತರಿ ಬಿಟ್ರೆ ನಂಗೆ ಬೇರೇನು ಬರುತ್ತೆ? ಕೊಳಲಾ?"

ಅತ್ತೆ ಉಪದೇಶ ಮಾಡಲಿಲ್ಲ. ತಮ್ಮ ಕನ್ನಡಕ ತೆಗೆದು ಗಂಡನ ಮೂಗಿನ ಮೇಲೆ ಕೂರಿಸಿ, ಯಂತ್ರದ ಮೇಲಿದ್ದ ಸೂಜಿ ದಾರ ಕೈಗಿಟ್ಟರು. ಮಾವ ನೋಡಿದರು. ಸೂಜಿ ಕಣ್ಣು ಬಿಟ್ಟಿತು. ಮೊದಲ ಏಟಿಗೇ ದಾರ ಒಳಗೆ ಹೋಯಿತು.

ಸೂಜಿಯಿಂದ ಕಣ್ಣೆತ್ತಿ ಹೆಂಡತಿಯ ಮುಖ ನೋಡಿದರು. ಹತ್ತಿರದಿಂದ. ಕಣ್ಣ ಕೊನೆಯ ಗೆರೆಗಳು, ಕೆನ್ನೆಯ ಮೇಲೊಂದು ಹೊಸ ಚುಕ್ಕೆ, ಕಿವಿಯ ಬಳಿ ನರೆತ ಕೂದಲಿನ ಒಂದು ಎಳೆ.

"ಅಯ್ಯೋ," ಎಂದರು. "ಇಷ್ಟು ದಿನ ನಿಂಗೆ ವಯಸ್ಸೇ ಆಗಿಲ್ಲ ಅಂದ್ಕೊಂಡಿದ್ದೆ."

"ನಾನು ಕನ್ನಡಕ ಹಾಕಿ ಎಷ್ಟೋ ವರ್ಷ ಆಯ್ತು. ನಿಮ್ಮನ್ನ ಸರಿಯಾಗಿ ನೋಡ್ತಾನೇ ಇದೀನಿ. ಬಿಟ್ಟು ಹೋದ್ನಾ?"

ಅಂದು ಮಧ್ಯಾಹ್ನವೇ ಇಬ್ಬರೂ ಕನ್ನಡಕದಂಗಡಿಗೆ ಹೋದರು. ಕಣ್ಣು ಪರೀಕ್ಷೆ ಮಾಡಿದವಳು ಸಣ್ಣ ಅಕ್ಷರದ ಕಾರ್ಡೊಂದನ್ನು ಕೈಗಿಟ್ಟು ಕೆಳಗಿನ ಸಾಲು ಓದಿ ಎಂದಳು. "ಕೆಳಗೆ ಸಾಲಿದೆಯಾ?" ಎಂದು ಕೇಳಿದರು ಮಾವ. ಓದುವ ಕನ್ನಡಕ ಸಿದ್ಧವಾಗಿಯೇ ಸಿಗುತ್ತದೆ ಎಂದು ತಿಳಿದು ಅವರಿಗೆ ತುಸು ಅವಮಾನವಾಯಿತು. ಇಷ್ಟು ವರ್ಷ ಮುಚ್ಚಿಟ್ಟ ಗುಟ್ಟು ಅಲ್ಲಿ ಡಜನ್‌ಗಟ್ಟಲೆ ನೇತಾಡುತ್ತಿತ್ತು.

ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು, ದೀಪ ಹಾಕಿ, ಕನ್ನಡಕ ಏರಿಸಿ ಕನ್ನಡಿಯ ಮುಂದೆ ನಿಂತರು. ಕನ್ನಡಿಯಲ್ಲಿ ಕನ್ನಡಕ, ಅದರೊಳಗೆ ಇನ್ನೊಂದು ಕನ್ನಡಿ, ಮತ್ತೆ ಕನ್ನಡಕ. ಹುಣ್ಣಿಮೆಗಳಿಗೆಲ್ಲ ಒಟ್ಟಿಗೆ ಗ್ರಹಣ ಹಿಡಿದಂತಿತ್ತು. ಬಾಚಣಿಗೆಯ ಹಲ್ಲುಗಳ ನಡುವೆ ಎಷ್ಟು ಕೊಳೆ ಕೂತಿದೆ ಎಂಬುದೂ ಅದೇ ಹೊತ್ತಿಗೆ ಕಂಡು, ಅವಸರದಿಂದ ಬಿಸಿನೀರಿಗೆ ಹಾಕಿದರು.

ಟಿಕ್‌ಟಿಕ್ ಒಳಗೆ ಬಂದರು. ನೋಡಿದರು. ಕುರ್ಚಿಯಲ್ಲಿ ಕೂತರು. ಮಾವ ಬಿಳಿ ಬಟ್ಟೆ ಕಟ್ಟಿ, ಕಿವಿಯ ಮುಂದೆ ಇಳಿದ ಕೂದಲು ಎತ್ತಿ, ಅಲ್ಲೇ ನಿಂತುಬಿಟ್ಟರು.

"ಇದೇನ್ರೀ ಇದು! ಎಡಗಡೆ ಕೃದಾ ಬಲಗಡೆಗಿಂತ ಇಳಿದಿದೆ!"

"ಒಂದು ಮಿಲಿಮೀಟರ್ ಅಲ್ಲ, ಆರು," ಎಂದರು ಟಿಕ್‌ಟಿಕ್ ಶಾಂತವಾಗಿ. "ಭೂತಗನ್ನಡಿ ಹಾಕಿ ಅಳೆದಿದೀನಿ."

"ಯಾವಾಗಿಂದ?"

"ವರ್ಷ ಆಗ್ತಾ ಬಂತು. ನಂದೊಂದೇ ಅಲ್ಲ. ನಿಮ್ಮ ಗಿರಾಕಿಗಳೆಲ್ಲ ಒಂದು ಕಡೆಗೆ ವಾಲಿದೀವಿ. ಬಸ್ ನಿಲ್ದಾಣದಲ್ಲಿ ಒಬ್ರನ್ನೊಬ್ರು ಗುರುತು ಹಿಡಿದು ನಮಸ್ಕಾರ ಮಾಡ್ತೀವಿ."

"ಹೇಳ್ಬಾರದಿತ್ತಾ ಮಾರಾಯ್ರೇ!"

"ಹೇಳಿದ್ರೆ ಕನ್ನಡಕ ಹಾಕ್ತೀರಿ. ಹಾಕಿದ್ರೆ ಕತ್ತರಿ ಕೆಳಗಿಡ್ತೀರಿ. ಆಮೇಲೆ ನಾವು ಎಲ್ಲಿಗೆ ಹೋಗ್ಬೇಕು? ಅಲ್ಲಿ ಹೊಸ ಸಲೂನಲ್ಲಿ ಟಿವಿ ಇದೆ, ಏಸಿ ಇದೆ, ಒಬ್ಬನೂ ಮಾತಾಡಲ್ಲ. ಕೃದಾ ಸಮ ಇದ್ದು ಏನು ಮಾಡ್ಲಿ?"

ಮಾವನ ಕನ್ನಡಕಕ್ಕೆ ಯಾಕೋ ಮಂಜು ಕವಿಯಿತು. ಬಿಸಿನೀರಿನ ಬಟ್ಟಲು ಹತ್ತಿರದಲ್ಲೇ ಇತ್ತು ಎಂದು ಇಟ್ಟುಕೊಳ್ಳೋಣ. ಅದನ್ನು ಒರೆಸಿಕೊಂಡು, ಕತ್ತರಿಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ ಶಬ್ದವಾಗುವಂತೆ ಇಟ್ಟರು.

"ಇಟ್ಟೆ," ಎಂದರು. "ಕನ್ನಡಕ ಹಾಕಿದ ದಿನ ಕತ್ತರಿ ಕೆಳಗಿಡ್ತೀನಿ ಅಂದಿದ್ದೆ. ಇಟ್ಟಿದೀನಿ. ನೀವೇ ಸಾಕ್ಷಿ."

"ಕಂಡೆ."

"ಎಷ್ಟು ಹೊತ್ತು ಇಟ್ಟಿರ್ತೀನಿ ಅಂತ ಹೇಳಿದ್ನಾ?"

"ಇಲ್ಲ. ಅದು ಹೇಳಿರ್ಲಿಲ್ಲ," ಎಂದರು ಟಿಕ್‌ಟಿಕ್, ಗಡಿಯಾರದವರ ಗಾಂಭೀರ್ಯದಿಂದ.

ಮಾವ ಕತ್ತರಿ ಎತ್ತಿಕೊಂಡರು. ಟಿಕ್‌ಟಿಕ್ ಎಂದಿನಂತೆ ತಮ್ಮ ಕಣ್ಣಿನ ಭೂತಗನ್ನಡಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. "ಇದೇ ಸರಿ. ನಾನು ತೆಗೆದು ಕೂತ್ಕೋತೀನಿ, ನೀವು ಹಾಕ್ಕೊಂಡು ನಿಂತ್ಕೊಳ್ಳಿ. ಇಬ್ರಲ್ಲಿ ಒಬ್ರಿಗಾದ್ರೂ ಕಾಣ್ಬೇಕಲ್ಲ."

ಆ ದಿನ ಪಟಿಕ ಡಬ್ಬಿಯಿಂದ ಹೊರಗೆ ಬರಲಿಲ್ಲ. ಎರಡು ಸುಳಿಯ ಕಥೆಯನ್ನು ಮಾವ ಅಂಗಡಿಯಲ್ಲಿ ಹೇಳಿದರು; ಕಣ್ಣು ಕಾಣದ ಭಾಗವನ್ನೂ ಸೇರಿಸಿಯೇ ಹೇಳಿದರು. ಆ ಭಾಗಕ್ಕೇ ಜನ ಹೆಚ್ಚು ನಕ್ಕರು. ಜ್ಯೂಸಕ್ಕ ಮಾತ್ರ ನಗಲಿಲ್ಲ. "ಮೊದ್ಲು ಬಂದು ನಂಗೆ ತೋರ್ಸಿ ಅಂದಿದ್ದು ನಾನು," ಎಂದಳು ಹಣೆ ಚಚ್ಚಿಕೊಂಡು. "ನಾನಂತೂ ಇವತ್ತಿನ ತನಕ ನೋಡಿಲ್ಲ ಅಂದಿದ್ನಲ್ಲ!"

ಸುಳಿ ಹೋದ ಗಿಡ ಇನ್ನು ಹಣ್ಣು ಬಿಡುವುದಿಲ್ಲ. ಕಿತ್ತು ಬಿಸಾಡಿ ಕುಂಡ ಖಾಲಿ ಮಾಡೋಣವೆಂದು ಮಾವ ಹಲವು ರಜೆಯ ದಿನ ಅಂದುಕೊಂಡು ಮುಂದೂಡಿದರು. ಅರ್ಧಕ್ಕೆ ಬಿಟ್ಟ ಕೊಳಲಿನ ಪಕ್ಕ ಇದಕ್ಕೂ ಒಂದು ಜಾಗವಿತ್ತು. ಕೊನೆಗೊಂದು ಬೆಳಗ್ಗೆ ಮನಸ್ಸು ಗಟ್ಟಿ ಮಾಡಿ ಬುಡಕ್ಕೆ ಕೈ ಹಾಕಲು ಬಗ್ಗಿದಾಗ, ಕನ್ನಡಕದೊಳಗಿಂದ, ಎಲೆಗಳು ಕಾಂಡವನ್ನು ಕೂಡುವ ಸಂದಿನಲ್ಲಿ ಏನೋ ಹಸಿರು ಕಂಡಿತು. ಒಂದಲ್ಲ. ಈ ಬದಿಗೆ ಎರಡು, ಆ ಬದಿಗೆ ಒಂದು. ಬೆರಳುದ್ದದ ಮರಿಗಿಡಗಳು, ಒಂದೊಂದಕ್ಕೂ ಅದರದೇ ಆದ ಚೂಪು ಜುಟ್ಟು.

"ಬಾರೇ ಇಲ್ಲಿ! ಒಂದು ತಲೆ ತೆಗೆದ್ರೆ ಮೂರು ತಲೆ ಬಂದಿದೆ!"

ಅತ್ತೆ ಬಂದು ನೋಡಿದರು. "ಅದಕ್ಕೇ ಇರ್ಬೇಕು ತಲೆಮಾರು ಅನ್ನೋದು."

ಮಾತಿನ ಚಮತ್ಕಾರದಲ್ಲಿ ಹೆಂಡತಿ ತಮ್ಮನ್ನು ಮೀರಿಸಿದ್ದು ಮಾವನಿಗೆ ಹಿಡಿಸಲಿಲ್ಲ, ಆದರೂ ಸಹಿಸಿಕೊಂಡರು. ಒಂದು ಮರಿ ಜ್ಯೂಸಕ್ಕನಿಗೆ ಎಂದು ಅಲ್ಲೇ ತೀರ್ಮಾನವಾಯಿತು, ಒಂದು ಟಿಕ್‌ಟಿಕ್‌ಗೆ. ಮೂರನೆಯದು ತಾಯಿಯ ಪಕ್ಕದಲ್ಲೇ ಉಳಿಯಿತು. ಗಿಡಕ್ಕೆ ಬಳಸುತ್ತಿದ್ದ ಹಳೆಯ ಕತ್ತರಿಯನ್ನು ಅತ್ತೆ ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿ ಬೀಗ ಜಡಿದರು.

ಈಗಲೂ ರಜೆಯ ಬೆಳಗ್ಗೆ ಮಾವ ಬಾಲ್ಕನಿಗೆ ಹೋಗುತ್ತಾರೆ. ಮರಿಯ ಎಲೆ ಬೆಳೆದಿದೆ. ತುದಿಗಳು ಅಲ್ಲಲ್ಲಿ ಒಣಗಿ ಕಂದಾಗಿವೆ, ಅಂದಗೆಟ್ಟಿವೆ, ಒಂದೇ ಒಂದು ಮಿಲಿಮೀಟರ್ ತೆಗೆದರೆ ಎಷ್ಟು ಚೆನ್ನಾಗಿರುತ್ತದೆ. ಎಡಗೈ ಬೆರಳುಗಳು ತಾವಾಗಿಯೇ ಕತ್ತರಿಯಾಡಿಸುತ್ತವೆ. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ.

"ರೀ, ಕೈ ಎಲ್ಲಿದೆ?"

"ಹಿಂದೆ."

"ಕನ್ನಡಕ?"

"ಮುಂದೆ."

ಯಂತ್ರ ಮತ್ತೆ ಓಡುತ್ತದೆ.